ಬಟ್ಟಲಲ್ಲಿ ಬದುಕುತ್ತೆ ಅಂದಿದ್ದು ಯಾರು?

ಸಂಕ್ರಾಂತಿಗೆ ಅಂತ ಅಮ್ಮ ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಬೆಂಗಳೂರಿಗೆ ಬಂದಿದ್ದಳು. ಬ್ಯಾಗ್ ಇಳಿಸಿ, ಕೈಕಾಲು ತೊಳೆದು, ನನ್ನ ಲ್ಯಾಪ್‌ಟಾಪ್ ಪಕ್ಕದಲ್ಲಿದ್ದ ಗಾಜಿನ ಬಟ್ಟಲನ್ನು ನೋಡಿದವಳೇ ಕೇಳಿದ ಮೊದಲ ಪ್ರಶ್ನೆ: “ಇದು ಸಾರಿಗಾ, ಶೋಕಿಗಾ?”

ನಾನು ಜೋರಾಗಿ ನಕ್ಕೆ. ಬಟ್ಟಲೊಳಗೆ ಇದ್ದವನು ನೀಲ. ನವಿಲುಗರಿ ಬಣ್ಣದ ಗಂಡು ಬೆಟ್ಟಾ ಮೀನು. ಅಂಗಡಿಗಳಲ್ಲಿ ‘ಫೈಟರ್’ ಅಂತ ಕರೀತಾರಲ್ಲ, ಅದೇ. ಐದು ತಿಂಗಳ ಹಿಂದೆ ತಂದಿದ್ದೆ.

ಅಮ್ಮ ನಗಲಿಲ್ಲ. ಬಗ್ಗಿ ನೋಡಿದಳು. “ಇದ್ಯಾಕೆ ತಳ ಹಿಡ್ಕೊಂಡು ಮಲಗಿದೆ?”

“ನಿದ್ದೆ ಮಾಡ್ತಿರುತ್ತೆ ಅಮ್ಮ. ಅದು ಹಾಗೇನೇ, ಸೋಮಾರಿ.”

“ನಿದ್ದೆ ಅಲ್ಲ ಮಾರಾಯ್ತಿ. ಅದಕ್ಕೆ ಹುಷಾರಿಲ್ಲ. ನೀರು ಮುಟ್ಟಿ ನೋಡು, ಎಷ್ಟು ತಣ್ಣಗಿದೆ!”

ನನಗೆ ಮೀಟಿಂಗ್ ಇತ್ತು. ಆಮೇಲೆ ನೋಡೋಣ ಅಂದೆ. ನಾಲ್ಕನೇ ದಿನ ಬೆಳಗ್ಗೆ ನೀಲ ಮಗ್ಗುಲಾಗಿ ತೇಲುತ್ತಿದ್ದ. ಅಮ್ಮನೇ ಅವನನ್ನು ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಮಣ್ಣು ಮಾಡಿದಳು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಈ ಅಂಕಣದಲ್ಲಿ ಸಾಮಾನ್ಯವಾಗಿ ನಾನು ಗೆದ್ದ ಕತೆಗಳನ್ನು ಬರೀತೀನಿ. ಈ ಸಲ ಸೋತ ಕತೆ. ಯಾಕಂದ್ರೆ ನನ್ನ ತಪ್ಪು ನನ್ನ ಮನೆಯಲ್ಲೇ ಮುಗಿದಿರಲಿಲ್ಲ. ನೀಲನ ಫೋಟೋ ತೆಗೆದು ಆಫೀಸ್ ಗ್ರೂಪಿಗೆ ಹಾಕಿ, ಕೆಳಗೆ ‘ಝೀರೋ ಮೇಂಟೆನೆನ್ಸ್ ಪೆಟ್’ ಅಂತ ಬರೆದಿದ್ದೆ. ಅದನ್ನು ನೋಡಿ ಇಬ್ಬರು ಸಹೋದ್ಯೋಗಿಗಳು ಅಂಥದ್ದೇ ಬಟ್ಟಲು, ಅಂಥದ್ದೇ ಮೀನು ತಂದು ಡೆಸ್ಕ್ ಮೇಲೆ ಇಟ್ಟುಕೊಂಡಿದ್ದರು. ನನ್ನ ಮಾತು ನಂಬಿ.

ಅರ್ಧ ನಿಜ

ಮೀನು ಕೊಡುವಾಗ ಅಂಗಡಿಯ ಹುಡುಗ ಹೇಳಿದ್ದು ಇಷ್ಟು: “ಇದು ಗದ್ದೆ ನೀರಿನ ಮೀನು ಮೇಡಂ. ಪಂಪ್ ಬೇಡ, ಫಿಲ್ಟರ್ ಬೇಡ, ಲೋಟದಲ್ಲಿಟ್ರೂ ಬದುಕುತ್ತೆ.” ಅವನು ಸುಳ್ಳು ಹೇಳಿದ ಅಂತ ನಾನು ಹೇಳಲ್ಲ. ಹೇಳಿದ್ದು ಅರ್ಧ ನಿಜ.

ನಿಜ ಯಾವುದು? ಬೆಟ್ಟಾಗೆ ಎಲ್ಲ ಮೀನುಗಳ ಹಾಗೆ ಕಿವಿರು ಇದೆ. ಅದರ ಜೊತೆಗೆ, ಕಿವಿರಿನ ಮೇಲ್ಭಾಗದಲ್ಲಿ ಲ್ಯಾಬಿರಿಂತ್ ಅನ್ನುವ ಇನ್ನೊಂದು ಅಂಗವೂ ಇದೆ. ಮಡಿಕೆ ಮಡಿಕೆಯಾಗಿ, ತುಂಬಾ ರಕ್ತನಾಳಗಳಿರುವ ಅಂಗ. ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತೆ. ಆ ಗಾಳಿಯಲ್ಲಿರುವ ಆಮ್ಲಜನಕವನ್ನು ಈ ಅಂಗ ಹೀರಿಕೊಳ್ಳುತ್ತೆ. ಹಾಗಾಗಿ ಆಮ್ಲಜನಕ ಕಡಿಮೆ ಇರುವ ನಿಂತ ನೀರಲ್ಲೂ ಅದು ಉಸಿರು ಕಟ್ಟಿ ಸಾಯಲ್ಲ.

ಹೇಳದೇ ಬಿಟ್ಟ ಅರ್ಧ ಅಮೋನಿಯಾದ್ದು. ಮೀನು ತನ್ನ ಕಿವಿರಿನ ಮೂಲಕ ಸದಾ ಅಮೋನಿಯಾ ಹೊರಗೆ ಹಾಕುತ್ತಿರುತ್ತೆ. ಅದರ ಹೊಲಸು, ತಿನ್ನದೇ ಬಿಟ್ಟ ಆಹಾರ ಕೊಳೆತಾಗಲೂ ಅದೇ ಬರುತ್ತೆ. ಒಂದೂವರೆ ಲೀಟರ್ ಬಟ್ಟಲಲ್ಲಿ ಅದು ಎಲ್ಲಿಗೆ ಹೋಗಬೇಕು? ಅಲ್ಲೇ ಸೇರುತ್ತಾ ಹೋಗುತ್ತೆ, ಕಿವಿರನ್ನೂ ರೆಕ್ಕೆಯ ಅಂಚನ್ನೂ ಸುಡುತ್ತೆ. ಉಸಿರಿಗೆ ಮೇಲೆ ಬಂದು ಗಾಳಿ ನುಂಗಬಹುದು, ಮೈ ಇರೋದಂತೂ ಅದೇ ನೀರಲ್ಲಿ.

ಬೇರೆ ಮೀನಾಗಿದ್ದರೆ ಆ ಬಟ್ಟಲಲ್ಲಿ ಬೇಗ ಸತ್ತು ನಮಗೆ ಬುದ್ಧಿ ಕಲಿಸುತ್ತಿತ್ತು. ಬೆಟ್ಟಾ ತಡಕೊಳ್ಳುತ್ತೆ. ಅದು ತಿಂಗಳುಗಟ್ಟಲೆ ತಡಕೊಳ್ಳೋದನ್ನು ನೋಡಿ ನಾವು ‘ಆರಾಮಾಗಿದೆ’ ಅಂದುಕೊಳ್ತೀವಿ. ಚೆನ್ನಾಗಿ ಸಾಕಿದರೆ 2ರಿಂದ 4 ವರ್ಷ ಬದುಕುವ ಮೀನು ಅದು. ನನ್ನ ಕೈಯಲ್ಲಿ ಬದುಕಿದ್ದು ಐದು ತಿಂಗಳು.

ಗದ್ದೆ ಎಷ್ಟು ದೊಡ್ಡದು ಗೊತ್ತಾ?

ನೀಲ ಸತ್ತ ದಿನ ರಾತ್ರಿ ಫೋನ್ ಹಿಡಿದು ಓದೋಕೆ ಕೂತೆ. ಅಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. “ಇದರ ಹೆಸರು ಬೆಟ್ಟಾ ಅಂತೆ” ಅಂದೆ. “ಹೆಸರು ಬೆಟ್ಟ, ಇರೋದು ಗದ್ದೆಯಲ್ಲಾ?” ಅಂದಳು.

ನಮ್ಮ ಮನೆಗಳಿಗೆ ಬರುವ ಬೆಟ್ಟಾ ಸ್ಪ್ಲೆಂಡೆನ್ಸ್ ಮೂಲತಃ ಥಾಯ್ಲೆಂಡ್ ಕಡೆಯದು. ಅಲ್ಲಿನ ಭತ್ತದ ಗದ್ದೆ, ಕಾಲುವೆ, ಜೌಗು ಜಾಗ ಅದರ ಮನೆ. ಥಾಯ್ ಭಾಷೆಯಲ್ಲಿ ‘ಪ್ಲಾ ಕಟ್’ ಅಂದರೆ ಕಚ್ಚುವ ಮೀನು. ನಮ್ಮಲ್ಲಿ ಕೋಳಿ ಅಂಕ ಇರುವ ಹಾಗೆ ಅಲ್ಲಿ ಮೀನು ಕಾಳಗಕ್ಕೆ ಇದನ್ನು ಸಾಕುತ್ತಿದ್ದರು. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಗದ್ದೆಯಲ್ಲಿರುವ ಮೂಲ ಬೆಟ್ಟಾ ಕಂದುಹಸಿರು ಬಣ್ಣದ, ಗಿಡ್ಡ ರೆಕ್ಕೆಯ ಸಾಧಾರಣ ಮೀನು. ರೇಷ್ಮೆ ಲಂಗದಂಥ ಉದ್ದ ರೆಕ್ಕೆ, ಢಾಳು ಬಣ್ಣ ಎಲ್ಲ ಮನುಷ್ಯರು ತಳಿ ಆರಿಸಿ ಆರಿಸಿ ಮಾಡಿಕೊಂಡಿದ್ದು.

ಇದನ್ನೆಲ್ಲ ಓದಿ ಹೇಳಿದಾಗ ಅಮ್ಮ ಕೇಳಿದಳು: “ಗದ್ದೆಯಲ್ಲಿ ನೀರು ಮೊಣಕಾಲಿಗಿಂತ ಕೆಳಗೇ ಇರುತ್ತೆ, ಸರಿ. ಆದ್ರೆ ಆ ಬದುವಿಂದ ಈ ಬದುವಿನ ತನಕ ಎಷ್ಟು ದೂರ ಇರುತ್ತೆ? ನಮ್ಮೂರ ಗದ್ದೆ ಮೀನುಗಳು ಎಷ್ಟು ಓಡಾಡ್ತವೆ ನೋಡಿಲ್ವಾ ನೀನು? ಮಳೆ ಹಿಡೀತು ಅಂದ್ರೆ ಹಳ್ಳದಿಂದ ಗದ್ದೆಗೆ ಹತ್ತಿ ಬರ್ತವೆ.”

ನೋಡಿದ್ದೆ. ಮೊದಲ ಮಳೆಗೆ ಹತ್ತುಮೀನು ಹಿಡಿಯೋಕೆ ಅಪ್ಪನ ಜೊತೆ ಟಾರ್ಚ್ ಹಿಡಿದು ಹೋಗಿದ್ದೆ. ಗದ್ದೆ ಆಳ ಇಲ್ಲದಿರಬಹುದು, ಆದರೆ ಅಗಲ ಇದೆ. ಪೈರಿನ ಬುಡದಲ್ಲಿ ಅಡಗೋಕೆ ಜಾಗ ಇದೆ. ಸೊಳ್ಳೆಮರಿ, ಹುಳುಹುಪ್ಪಟೆ ಧಾರಾಳ ಇದೆ. ಬಿಸಿಲಿಗೆ ಕಾದ ಬೆಚ್ಚಗಿನ ನೀರಿದೆ. ‘ಗದ್ದೆ ಮೀನು’ ಅನ್ನುವ ಮಾತು ಹಿಡಿದು ಅದನ್ನು ಲೋಟಕ್ಕೆ ಇಳಿಸಿದ್ದು ನಾವು.

ಮನೆ ಹೇಗಿರಬೇಕು?

ಮತ್ತೆ ಮೀನು ತರುವ ಮೊದಲು ಮನೆ ಕಟ್ಟಬೇಕು ಅಂತ ತೀರ್ಮಾನ ಮಾಡಿದೆ. ನಾನು ಮಾಡಿದ್ದನ್ನೇ ಹೇಳ್ತೀನಿ.

ತೊಟ್ಟಿ: ಒಂದು ಬೆಟ್ಟಾಗೆ ಕಡಿಮೆ ಅಂದರೂ 20 ಲೀಟರ್ ನೀರು ಹಿಡಿಯುವ ತೊಟ್ಟಿ ಇರಲಿ. ನಾನು ತಂದಿದ್ದು 18 ಇಂಚು ಉದ್ದ, 10 ಇಂಚು ಅಗಲ, 10 ಇಂಚು ಎತ್ತರದ್ದು. ಮೇಲೆ ಒಂದೂವರೆ ಇಂಚು ಖಾಲಿ ಬಿಟ್ಟರೆ ಸುಮಾರು 25 ಲೀಟರ್ ನೀರು. ಎತ್ತರಕ್ಕಿಂತ ಉದ್ದಕ್ಕೆ ಬೆಲೆ ಕೊಡಿ. ಉಸಿರಿಗೆ ಮತ್ತೆ ಮತ್ತೆ ಮೇಲೆ ಬರಬೇಕಾದ ಮೀನಿಗೆ ತುಂಬಾ ಆಳದ ತೊಟ್ಟಿ ಸುಸ್ತು. 25 ಲೀಟರ್ ಅಂದರೆ ನೀರೇ 25 ಕಿಲೋ ತೂಗುತ್ತೆ. ಅಲುಗಾಡುವ ಸ್ಟಡಿ ಟೇಬಲ್ ಮೇಲೆ ಇಡಬೇಡಿ. ನೇರ ಬಿಸಿಲು ಬೀಳುವ ಕಿಟಕಿಯೂ ಬೇಡ.

ಮುಚ್ಚಳ: ಬೆಟ್ಟಾ ಹಾರುತ್ತೆ. ಮುಚ್ಚಳ ಬೇಕೇ ಬೇಕು. ಆದರೆ ನೀರಿಗೂ ಮುಚ್ಚಳಕ್ಕೂ ಮಧ್ಯೆ ಗಾಳಿ ಇರಬೇಕು, ಮುಚ್ಚಳದಲ್ಲಿ ಗಾಳಿಯಾಡೋಕೆ ಸಂದು ಇರಬೇಕು. ಮೇಲೆ ಬಂದು ಗಾಳಿ ನುಂಗೋಕೆ ಜಾಗ ಸಿಗದಿದ್ದರೆ ಈ ಮೀನು ನೀರೊಳಗೇ ಉಸಿರುಗಟ್ಟಿ ಸಾಯುತ್ತೆ.

ಹೀಟರ್: ನೀಲನ ಸಾವಿಗೆ ದೊಡ್ಡ ಕಾರಣ ಇದೇ ಇರಬೇಕು ಅಂತ ಈಗ ನನಗೆ ಅನಿಸುತ್ತೆ. ಬೆಟ್ಟಾಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು. ಬೆಂಗಳೂರಲ್ಲಿ ಡಿಸೆಂಬರ್-ಜನವರಿ ರಾತ್ರಿ 15-16 ಡಿಗ್ರಿಗೆ ಇಳಿಯೋದು ಮಾಮೂಲು. ನಾವು ರಗ್ಗು ಹೊದ್ದು ಮಲಗ್ತೀವಿ, ಬಟ್ಟಲಿನ ನೀರು ಪೂರ್ತಿ ತಣ್ಣಗಾಗುತ್ತೆ. ಮೀನಿನ ಮೈ ಬಿಸಿ ನೀರಿನ ಬಿಸಿಯನ್ನೇ ಅವಲಂಬಿಸಿರೋದ್ರಿಂದ ಅದರ ಜೀರ್ಣಶಕ್ತಿ, ರೋಗ ತಡೆಯುವ ಶಕ್ತಿ ಎರಡೂ ಕುಗ್ಗುತ್ತೆ. 25 ಲೀಟರಿಗೆ 50 ವ್ಯಾಟ್‌ನ, ಥರ್ಮೋಸ್ಟಾಟ್ ಇರುವ ಹೀಟರ್ ಸಾಕು. 26ಕ್ಕೆ ಇಟ್ಟು, ಬೇರೆ ಥರ್ಮಾಮೀಟರ್ ಹಾಕಿ ಸರಿ ಇದೆಯಾ ನೋಡಿಕೊಳ್ಳಿ. ತೊಟ್ಟಿಗೆ ಕೈ ಹಾಕುವ ಮೊದಲು, ನೀರು ತೆಗೆಯುವ ಮೊದಲು ಹೀಟರ್ ಸ್ವಿಚ್ ಆಫ್ ಮಾಡೋದು ಮರೀಬೇಡಿ. ಮಂಗಳೂರು, ಉಡುಪಿ ಕಡೆ ಇರುವವರಿಗೆ ವರ್ಷದ ಬಹುಪಾಲು ಹೀಟರ್ ಕೆಲಸವೇ ಇರಲ್ಲ.

ಫಿಲ್ಟರ್: ಸ್ಪಾಂಜ್ ಫಿಲ್ಟರ್, ಅದಕ್ಕೆ ಒಂದು ಸಣ್ಣ ಏರ್ ಪಂಪ್. ಉದ್ದ ರೆಕ್ಕೆಯ ಮೀನಿಗೆ ಜೋರಾದ ನೀರಿನ ಹರಿವು ಆಗಿಬರಲ್ಲ, ಎದುರು ಈಜಿ ಈಜಿ ಸೋಲುತ್ತೆ. ಗುಳ್ಳೆ ಸಣ್ಣಗೆ ಬರುವ ಹಾಗೆ ವಾಲ್ವ್ ತಿರುಗಿಸಿ. ಪಂಪ್ ಅನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿದ್ದರೆ ಕರೆಂಟ್ ಹೋದಾಗ ತೊಟ್ಟಿ ನೀರು ಪೈಪಿನಲ್ಲಿ ವಾಪಸ್ ಇಳಿದು ಪಂಪಿಗೇ ಬರುತ್ತೆ.

ಒಳಾಂಗಣ: ಜಾವಾ ಫರ್ನ್, ಅನುಬಿಯಾಸ್ ಗಿಡಗಳು ಕಡಿಮೆ ಬೆಳಕಲ್ಲೂ ಬದುಕುತ್ತವೆ. ಅಡಗೋಕೆ ತೆಂಗಿನ ಕರಟ ಸಾಕು. ಚೆನ್ನಾಗಿ ಕುದಿಸಿ, ಅಂಚು ಉಜ್ಜಿ ನಯ ಮಾಡಿ ಬೋರಲು ಇಡಿ. ಪ್ಲಾಸ್ಟಿಕ್ ಗಿಡ ಹಾಕೋದಾದರೆ ಅದರ ಮೇಲೆ ಹಳೇ ದುಪಟ್ಟಾ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ರೆಕ್ಕೆಯೂ ಹರಿಯುತ್ತೆ ಅಂತ ಅರ್ಥ. ರಸ್ತೆ ಬದಿ ಕಾಣುವ ಕಾಡುಬಾದಾಮಿ ಮರದ ಒಣಗಿ ಉದುರಿದ ಎಲೆ ಒಂದನ್ನು ತೊಳೆದು ಹಾಕಬಹುದು. ನೀರು ತಿಳಿ ಟೀ ಬಣ್ಣಕ್ಕೆ ಬರುತ್ತೆ, ಬೆಟ್ಟಾಗೆ ಅದು ಹಿತ. ಔಷಧಿ ಹೊಡೆದ, ಹೊಗೆ ಕುಡಿದ ಮರದ ಎಲೆ ಬೇಡ.

ಎಲ್ಲ ಸೇರಿ ನನಗೆ ಆಗಿದ್ದು 3,400 ರೂಪಾಯಿ. ಮೀನಿಗೆ ಕೊಟ್ಟಿದ್ದು 200. “ಇನ್ನೂರು ರೂಪಾಯಿ ಮೀನಿಗೆ ಇಷ್ಟೆಲ್ಲಾನಾ?” ಅಂತ ನನ್ನ ಗಂಡ ಕೇಳಿದ. ನಮ್ಮಿಬ್ಬರ ಎರಡು ವೀಕೆಂಡಿನ ಸಿನಿಮಾ, ಊಟದ ಲೆಕ್ಕ ಹೇಳಿದೆ. ಸುಮ್ಮನಾದ.

ಹೆಪ್ಪು ಹಾಕಿ, ಕಾಯಿರಿ

ತೊಟ್ಟಿ ಬಂತು, ನೀರು ತುಂಬಿತು. ಈಗ ಮೀನು ಬಿಡಬಹುದಾ? ಇಲ್ಲ. ಇಲ್ಲೇ ತುಂಬಾ ಜನ ಎಡವೋದು.

ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಇವೆ. ನೈಟ್ರೈಟ್ ಕೂಡ ಮೀನಿಗೆ ವಿಷ. ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೇರೆ ಇವೆ. ನೈಟ್ರೇಟ್ ಅಷ್ಟು ಅಪಾಯ ಅಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತೆ, ಗಿಡಗಳೂ ಹೀರಿಕೊಳ್ಳುತ್ತವೆ. ಈ ಎರಡೂ ಬಗೆಯ ಬ್ಯಾಕ್ಟೀರಿಯಾ ಸ್ಪಾಂಜಿನಲ್ಲಿ, ಮರಳಿನಲ್ಲಿ ಮನೆ ಮಾಡಿಕೊಳ್ಳೋಕೆ 4ರಿಂದ 6 ವಾರ ಬೇಕು.

ಇದನ್ನು ಅಮ್ಮನಿಗೆ ಹೇಗೆ ವಿವರಿಸೋದು ಅಂತ ನಾನು ತಡವರಿಸುತ್ತಿದ್ದರೆ ಅವಳೇ, “ಅಷ್ಟೇ ತಾನೇ? ಹೆಪ್ಪು ಹಾಕಿದ ಹಾಗೆ” ಅಂದಳು. ಸರಿಯಾಗಿತ್ತು. ಖಾಲಿ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯೋಕೆ ಬಿಡಬೇಕು. ಅದರಿಂದ ಬರುವ ಅಮೋನಿಯಾ ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೇಗ ಆಗಬೇಕಾ? ಆರೋಗ್ಯವಾಗಿರುವ ಹಳೇ ಅಕ್ವೇರಿಯಂ ಇರುವ ಸ್ನೇಹಿತರಿಂದ ಬಳಸಿದ ಸ್ಪಾಂಜಿನ ತುಂಡು ತನ್ನಿ. ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದ ಹಾಗೆ. ಚಳಿಗೆ ಮೊಸರು ಹೇಗೆ ಬೇಗ ಆಗಲ್ವೋ, ತಣ್ಣೀರಲ್ಲಿ ಇದೂ ನಿಧಾನ. ಹೀಟರ್ ಹಾಕಿಯೇ ಇಡಿ.

ಆಯ್ತು ಅಂತ ಗೊತ್ತಾಗೋದು ಹೇಗೆ? ಕಣ್ಣಿಗೆ ಕಾಣಲ್ಲ. ನೀರು ಕನ್ನಡಿ ಹಾಗಿದ್ದರೂ ಅಮೋನಿಯಾ ಇರಬಹುದು. ಒಂದು ಟೆಸ್ಟ್ ಕಿಟ್ ತನ್ನಿ. ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ ಸ್ವಲ್ಪ ಕಾಣುತ್ತಿದೆ. ಹೀಗೆ ಬಂದರೆ ಮನೆ ಸಿದ್ಧ. ನೀರು ಸ್ವಲ್ಪ ಬದಲಿಸಿ ಮೀನು ಬಿಡಬಹುದು.

ನೀಲನ ಕಾಲದಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತಾ? ಪ್ರತಿ ಭಾನುವಾರ ಬಟ್ಟಲು ಪೂರ್ತಿ ಖಾಲಿ ಮಾಡಿ, ಕಲ್ಲುಗಳನ್ನೆಲ್ಲ ನಲ್ಲಿ ಕೆಳಗೆ ತಿಕ್ಕಿ ತೊಳೆದು, ಹೊಸ ನೀರು ತುಂಬುತ್ತಿದ್ದೆ. ಎಷ್ಟು ಸ್ವಚ್ಛ ಅಂತ ಹೆಮ್ಮೆ ಬೇರೆ. ವಾರಪೂರ್ತಿ ಬೆಳೆದ ಚೂರುಪಾರು ಬ್ಯಾಕ್ಟೀರಿಯಾವನ್ನೂ ತೊಳೆದು ಚರಂಡಿಗೆ ಬಿಡುತ್ತಿದ್ದೆ. ಮೀನಿಗೆ ಪ್ರತಿ ವಾರ ಹೊಸ ಊರು, ಹೊಸ ಹವಾಮಾನ.

ಊಟದ ವಿಷಯ

ಅಮ್ಮನಿಗೆ ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಅಭ್ಯಾಸ. ಇಲ್ಲೂ ನೀಲನಿಗೆ ನಾಲ್ಕು ಕಾಳು ಹಾಕೋಕೆ ಹೋಗಿದ್ದಳು. ನದಿಯ ಆ ದೊಡ್ಡ ಮೀನುಗಳು ಮಂಡಕ್ಕಿಯನ್ನೂ ತಿನ್ನುತ್ತವೆ. ಬೆಟ್ಟಾ ಹಾಗಲ್ಲ. ಅದು ಮಾಂಸಾಹಾರಿ. ಗದ್ದೆಯಲ್ಲಿ ಸೊಳ್ಳೆಮರಿ, ಸಣ್ಣ ಹುಳು, ನೀರಲ್ಲಿ ಬೀಳುವ ಕೀಟ ತಿಂದು ಬೆಳೆದ ಜಾತಿ. ಅನ್ನ, ಬ್ರೆಡ್, ಚಪಾತಿ ಚೂರು, ಬಿಸ್ಕತ್ ಯಾವುದೂ ಬೇಡ. ಹೂದಾನಿಯಲ್ಲಿ ಗಿಡ ಇಟ್ಟು ಕೆಳಗೆ ಬೆಟ್ಟಾ ಬಿಟ್ಟು ‘ಬೇರು ತಿಂದುಕೊಂಡಿರುತ್ತೆ’ ಅಂತ ಮಾರುವವರೂ ಇದ್ದಾರೆ. ನಂಬಬೇಡಿ, ಅದು ಉಪವಾಸ ಬೀಳುತ್ತೆ ಅಷ್ಟೇ.

ದಿನದ ಊಟಕ್ಕೆ ಬೆಟ್ಟಾಗೆಂದೇ ಮಾಡಿದ ಸಣ್ಣ ಪೆಲೆಟ್ ಒಳ್ಳೇದು. ಪ್ಯಾಕೆಟ್ ಹಿಂದೆ ಓದಿ. ಮೊದಲ ಹೆಸರು ಮೀನು, ಸಿಗಡಿ ಅಥವಾ ಕೀಟದ್ದಾಗಿರಲಿ, ಗೋಧಿ ಹಿಟ್ಟಿನದಲ್ಲ. ಪ್ರೋಟೀನ್ 40 ಪರ್ಸೆಂಟ್ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚಿರಲಿ. ಬೆಳಗ್ಗೆ 2-3 ಕಾಳು, ಸಂಜೆ 2-3 ಕಾಳು, ಅಷ್ಟೇ. ಅದರ ಹೊಟ್ಟೆ ಹೆಚ್ಚುಕಡಿಮೆ ಅದರ ಕಣ್ಣಿನಷ್ಟು ಅಂತ ಸಾಕುವವರು ಹೇಳೋದುಂಟು. ಕಣ್ಣು ನೋಡಿಕೊಂಡು ಕೈ ಬಿಗಿ ಹಿಡಿಯಿರಿ. ಒಣ ಕಾಳನ್ನು ತೊಟ್ಟಿ ನೀರಲ್ಲೇ ಒಂದು ನಿಮಿಷ ನೆನೆಸಿ ಹಾಕಿದರೆ ಹೊಟ್ಟೆಯೊಳಗೆ ಊದಿಕೊಳ್ಳುವ ಭಯ ಕಡಿಮೆ.

ವಾರಕ್ಕೆ ಎರಡು ಸಲ ರುಚಿ ಬದಲಾಗಲಿ. ಫ್ರೋಜನ್ ಬ್ಲಡ್‌ವರ್ಮ್, ಬ್ರೈನ್ ಶ್ರಿಂಪ್, ಡ್ಯಾಫ್ನಿಯಾ ಸಿಗುತ್ತವೆ. ಕರಗಿಸಿ ಒಂದೆರಡು ಎಳೆ ಕೊಡಿ. ಬ್ಲಡ್‌ವರ್ಮ್ ನಮ್ಮ ಬಿರಿಯಾನಿ ಇದ್ದ ಹಾಗೆ, ಇಷ್ಟ ಅಂತ ದಿನಾ ಕೊಟ್ಟರೆ ಹೊಟ್ಟೆ ಕೆಡುತ್ತೆ. ಅಂಗಡಿಗಳಲ್ಲಿ ಜೀವಂತ ಟ್ಯೂಬಿಫೆಕ್ಸ್ ಹುಳು ಕೊಡ್ತಾರೆ. ಕೊಳಕು ನೀರಲ್ಲಿ ಬೆಳೆಯುವ ಹುಳು ಅದು, ರೋಗ ತರಬಹುದು. ನಾನು ತರಲ್ಲ. ಇನ್ನು ಸೊಳ್ಳೆಮರಿಗೆ ಅಂತ ಬಾಲ್ಕನಿಯಲ್ಲಿ ಬಕೆಟ್ ನೀರು ಇಡೋಕೆ ಹೋಗಬೇಡಿ. ಮೀನಿಗೆ ಹಬ್ಬ, ಬೀದಿಗೆಲ್ಲ ಡೆಂಗಿ.

ವಾರಕ್ಕೊಂದು ದಿನ ಉಪವಾಸ ಇಟ್ಟರೆ ಒಳ್ಳೇದು. ನಮ್ಮನೆಯಲ್ಲಿ ಸೋಮವಾರ. ಬೆಟ್ಟಾ ಮಾತ್ರ ಆ ದಿನವೂ ನೀವು ತೊಟ್ಟಿ ಹತ್ತಿರ ಹೋದ ತಕ್ಷಣ ಹತ್ತು ದಿನ ಊಟ ಕಾಣದವರ ಹಾಗೆ ಗಾಜಿಗೆ ಮುಖ ಒತ್ತಿ ಕುಣಿಯುತ್ತೆ. ಮನಸ್ಸು ಕರಗಬಾರದು. ಸಾಕುಮೀನುಗಳಿಗೆ ಹಸಿವಿಗಿಂತ ಅತಿಯಾದ ಊಟದಿಂದಲೇ ತೊಂದರೆ ಹೆಚ್ಚು. ತಿನ್ನದೇ ಬಿಟ್ಟಿದ್ದು ಮತ್ತೆ ಅಮೋನಿಯಾ ಆಗುತ್ತಲ್ಲ.

ಹಬ್ಬಕ್ಕೆ ಮೂರ್ನಾಲ್ಕು ದಿನ ಊರಿಗೆ ಹೋಗ್ತೀರಾ? ಆರೋಗ್ಯವಾಗಿರುವ ದೊಡ್ಡ ಬೆಟ್ಟಾ ಅಷ್ಟು ದಿನ ಊಟ ಇಲ್ಲದೆ ಇರಬಲ್ಲದು. ಅದಕ್ಕಿಂತ ಹೆಚ್ಚು ದಿನ ಆದರೆ ಮಾತ್ರ ಪಕ್ಕದ ಮನೆಯವರಿಗೆ ಹೇಳಿ. ಡಬ್ಬಿ ಕೊಡಬೇಡಿ. ದಿನಕ್ಕೆ ಎಷ್ಟು ಕಾಳು ಅಂತ ಎಣಿಸಿ ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಡಿ. ಪ್ರೀತಿ ಇರುವ ಆಂಟಿಯರ ಕೈ ದೊಡ್ಡದು.

ವಾರಕ್ಕೆ ಅರ್ಧ ಗಂಟೆ

ಝೀರೋ ಮೇಂಟೆನೆನ್ಸ್ ಅಂತ ಬರೆದಿದ್ದೆನಲ್ಲ, ನಿಜವಾದ ಲೆಕ್ಕ ಇದು: ದಿನಕ್ಕೆ ಎರಡು ನಿಮಿಷ, ವಾರಕ್ಕೆ ಅರ್ಧ ಗಂಟೆ.

ಭಾನುವಾರ ತೊಟ್ಟಿಯ ಕಾಲು ಭಾಗ ನೀರು ಪೈಪ್ ಹಾಕಿ ತೆಗೀತೀನಿ, ತಳದ ಕಸವನ್ನೂ ಎಳೀತೀನಿ. ಸ್ಪಾಂಜ್ ಕೊಳೆಯಾಗಿದ್ದರೆ ತೆಗೆದ ಆ ನೀರಲ್ಲೇ ಎರಡು ಸಲ ಹಿಂಡಿ ವಾಪಸ್ ಇಡ್ತೀನಿ. ನಲ್ಲಿ ನೀರಿನ ಕ್ಲೋರಿನ್ ತಾಗಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ತೆಗೆದ ನೀರು ಕರಿಬೇವಿನ ಕುಂಡಕ್ಕೆ ಹೋಗುತ್ತೆ. ಗಿಡ ಈಗ ನನ್ನ ಎದೆಯೆತ್ತರ.

ಹೊಸ ನೀರಿಗೆ ಆ್ಯಂಟಿ-ಕ್ಲೋರಿನ್ ಹನಿ ಹಾಕಿ, ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ, ನಿಧಾನಕ್ಕೆ ಸುರೀತೀನಿ. ಒಂದು ದಿನ ಬಕೆಟ್ಟಲ್ಲಿಟ್ಟರೆ ಕ್ಲೋರಿನ್ ಹಾರಿಹೋಗುತ್ತೆ ಅನ್ನೋದು ಸರಿ. ಆದರೆ ಕ್ಲೋರಮಿನ್ ಇದ್ದರೆ ಅದು ಹಾಗೆ ಹೋಗಲ್ಲ. ನಮ್ಮ ಅಪಾರ್ಟ್‌ಮೆಂಟಿನ ಸಂಪಿಗೆ ಒಂದು ದಿನ ಕಾವೇರಿ, ಒಂದು ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಹಾಗಾಗಿ ನಾನು ಹನಿ ಬಿಟ್ಟಿಲ್ಲ. ಗಡಸು ನೀರಿಗೆ ಬೆಟ್ಟಾ ಹೊಂದಿಕೊಳ್ಳುತ್ತೆ, ಏಕಾಏಕಿ ಬದಲಾವಣೆಗೆ ಹೊಂದಿಕೊಳ್ಳಲ್ಲ. ಕಾಲು ಭಾಗ ಮಾತ್ರ ಬದಲಿಸೋದು ಅದಕ್ಕೇ. ಬರೀ ಆರ್‌ಓ ನೀರು ತುಂಬಬೇಡಿ, ಮೀನಿಗೆ ಬೇಕಾದ ಖನಿಜಗಳು ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಇನ್ನೊಂದು ಮಾತು. ‘ಪಾಪ, ಒಂಟಿ’ ಅಂತ ಜೋಡಿ ತರಬೇಡಿ. ಎರಡು ಗಂಡು ಒಂದೇ ತೊಟ್ಟಿಯಲ್ಲಿದ್ದರೆ ಒಂದು ಇನ್ನೊಂದನ್ನು ಹರಿದುಹಾಕುತ್ತೆ. ಹೆಣ್ಣನ್ನೂ ಅಟ್ಟಾಡಿಸುತ್ತೆ. ಗೋಲ್ಡ್‌ಫಿಶ್‌ಗೆ ತಣ್ಣೀರು ಬೇಕು, ಇದಕ್ಕೆ ಬಿಸಿ. ಬೆಟ್ಟಾಗೆ ಒಂಟಿತನ ಶಿಕ್ಷೆ ಅಲ್ಲ, ಅದಕ್ಕೆ ಬೇಕಾದ್ದು ತನ್ನದೇ ಜಾಗ.

ಹುಷಾರಿಲ್ಲ ಅಂತ ತಿಳಿಯೋದು ಹೀಗೆ

ಅಮ್ಮ ಒಂದೇ ನೋಟಕ್ಕೆ ಹಿಡಿದದ್ದನ್ನು ನಾನು ಐದು ತಿಂಗಳು ಪಕ್ಕದಲ್ಲೇ ಕೂತು ಹಿಡಿದಿರಲಿಲ್ಲ. ಇವುಗಳನ್ನು ನೆನಪಿಡಿ: ರೆಕ್ಕೆ ಬಿಚ್ಚದೆ ಮೈಗೆ ಅಂಟಿಸಿಕೊಂಡಿರೋದು. ದಿನವಿಡೀ ತಳದಲ್ಲಿ ಮಲಗೋದು. ಬಣ್ಣ ಮಾಸೋದು. ರೆಕ್ಕೆಯ ಅಂಚು ಕಪ್ಪಾಗಿ ಚಿಂದಿಯಾಗೋದು. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ. ಊಟ ಬಿಡೋದು. ಹೊಟ್ಟೆ ಊದಿ ಒಂದು ಕಡೆ ವಾಲೋದು. ಶಲ್ಕಗಳು ಎದ್ದು ನಿಂತು ಮೈ ಮುಳ್ಳುಮುಳ್ಳಾಗಿ ಕಂಡರೆ ಅದು ತೀರಾ ಗಂಭೀರ.

ಏನೇ ಕಂಡರೂ ಮೊದಲು ಔಷಧಿ ಬಾಟಲಿಗೆ ಕೈ ಹಾಕಬೇಡಿ. ಮೊದಲು ನೀರು ಪರೀಕ್ಷೆ, ಥರ್ಮಾಮೀಟರ್ ನೋಡೋದು, ಕಾಲು ಭಾಗ ನೀರು ಬದಲಿಸೋದು. ಶುರುವಿನಲ್ಲೇ ಕಂಡ ರೆಕ್ಕೆ ಕೊಳೆತ ಎಷ್ಟೋ ಸಲ ಬರೀ ಒಳ್ಳೇ ನೀರಿಗೇ ವಾಸಿಯಾಗುತ್ತೆ. ಹೊಟ್ಟೆ ಊದಿದ್ದರೆ ಎರಡು ದಿನ ಊಟ ನಿಲ್ಲಿಸಿ ನೋಡಿ. ಕಡಿಮೆ ಆಗದಿದ್ದರೆ ಮೀನು ನೋಡುವ ಪಶುವೈದ್ಯರನ್ನು ಕೇಳಿ.

ನೀರಿನ ಮೇಲೆ ಸಾಬೂನಿನ ನೊರೆಯಂಥ ಗುಳ್ಳೆಗಳ ಗುಂಪು ಕಂಡರೆ ಮಾತ್ರ ಗಾಬರಿಯಾಗಬೇಡಿ. ಅದು ಗಂಡು ಬೆಟ್ಟಾ ಕಟ್ಟಿದ ಗೂಡು. ಮೊಟ್ಟೆ ಮರಿ ನೋಡಿಕೊಳ್ಳೋದು ಈ ಜಾತಿಯಲ್ಲಿ ಅಪ್ಪನ ಕೆಲಸ.

ಕೆಂಪಣ್ಣ ಬಂದ

ತೊಟ್ಟಿಗೆ ಹೆಪ್ಪು ಹಾಕಿ ಕಾಯುತ್ತಿದ್ದಾಗಲೇ ಆಫೀಸ್ ಗ್ರೂಪಿನಲ್ಲಿ ಬರೆದೆ: ‘ನಾನು ಹೇಳಿದ್ದು ತಪ್ಪು. ನನ್ನ ಮೀನು ಸತ್ತುಹೋಯ್ತು, ನನ್ನಿಂದಲೇ.’ ಕಳಿಸೋ ಬಟನ್ ಒತ್ತೋಕೆ ಹತ್ತು ನಿಮಿಷ ಬೇಕಾಯ್ತು. ಒಬ್ಬಳು ಅದೇ ವಾರ 20 ಲೀಟರ್ ತೊಟ್ಟಿ, ಹೀಟರ್ ತಂದಳು. ಇನ್ನೊಬ್ಬ ನೇರವಾಗಿ, “ನನಗೆ ಇಷ್ಟೆಲ್ಲ ಆಗಲ್ಲ ಕಣೇ, ಪಿಜಿಯಲ್ಲಿ ಜಾಗನೂ ಇಲ್ಲ. ನಿನ್ನ ತೊಟ್ಟಿ ರೆಡಿ ಆದಾಗ ನನ್ನ ಮೀನು ನೀನೇ ತಗೋ” ಅಂದ. ಅವನ ಮೇಲೆ ನನಗೆ ಗೌರವ ಹೆಚ್ಚಾಯ್ತು. ಆಗಲ್ಲ ಅಂತ ಗೊತ್ತಾದಾಗ ಆಗುವವರ ಕೈಗೆ ಕೊಡೋದೂ ಸಾಕುವ ಜವಾಬ್ದಾರಿಯೇ. ಕೆರೆಗೆ ಬಿಡೋದಂತೂ ಬೇಡವೇ ಬೇಡ. ಹೊರದೇಶದ ಜಾತಿ ನಮ್ಮ ಕೆರೆಗೆ ಸೇರಬಾರದು.

ಮಾರ್ಚ್ ಮೊದಲ ವಾರ ಕೆಂಪಣ್ಣ ನಮ್ಮನೆಗೆ ಬಂದ. ಕವರಿನೊಳಗೆ ಬಣ್ಣ ಬಿಟ್ಟ ಇಟ್ಟಿಗೆಯ ಹಾಗಿದ್ದ, ಬಾಲದ ಅಂಚು ಹರಿದಿತ್ತು. ಕವರನ್ನು ತೊಟ್ಟಿಯಲ್ಲಿ ಕಾಲು ಗಂಟೆ ತೇಲಿಬಿಟ್ಟು, ತೊಟ್ಟಿ ನೀರು ಸ್ವಲ್ಪ ಸ್ವಲ್ಪವೇ ಅದಕ್ಕೆ ಸೇರಿಸಿ, ಆಮೇಲೆ ಬಿಟ್ಟೆ. ಮೊದಲು ಒಂದೇ ಕಡೆ ನಿಂತ. ಬಟ್ಟಲಿನಷ್ಟು ಜಾಗದಲ್ಲೇ ಸುತ್ತುತ್ತಿದ್ದ. ಅರ್ಧ ಗಂಟೆ ಆದ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಈಜಿದ. ಮತ್ತೆ ವಾಪಸ್. ಮತ್ತೆ ಆ ಕಡೆ. ನಾನು ಆ ದಿನ ಮಧ್ಯಾಹ್ನದ ಮೀಟಿಂಗಿಗೆ ಕ್ಯಾಮೆರಾ ಆಫ್ ಮಾಡಿಕೊಂಡೇ ಕೂತಿದ್ದೆ.

ಈಗ ಅವನಿಗೆ ನಮ್ಮನೆಯಲ್ಲಿ ಒಂದೂವರೆ ವರ್ಷ. ದಾಸವಾಳದ ಬಣ್ಣ. ಬಾಲ ಪೂರ್ತಿ ಬೆಳೆದಿದೆ. ಕರಟದ ಮೇಲೆ ಗಡ್ಡ ಊರಿಕೊಂಡು ಮಲಗೋದು ಅವನ ಅಭ್ಯಾಸ. ಅಮ್ಮ ವಿಡಿಯೋ ಕಾಲ್ ಮಾಡಿದರೆ ನನ್ನ ಮುಖ ನೋಡೋಕೆ ಮೊದಲು, “ಅವನನ್ನ ತೋರ್ಸು” ಅಂತಾಳೆ. ನೋಡಿ, “ಓಡಾಡ್ಕೊಂಡಿದಾನೆ, ಬಿಡು” ಅಂತಾಳೆ. ಆಮೇಲೆ ನನ್ನ ಊಟದ ವಿಚಾರಣೆ.

ನೀಲನ ಹಳೇ ಬಟ್ಟಲು ಇನ್ನೂ ಮನೆಯಲ್ಲಿದೆ. ಅಡುಗೆಮನೆ ಕಟ್ಟೆಯ ಮೇಲೆ. ಅದರಲ್ಲಿ ಬೆಳ್ಳುಳ್ಳಿ ಇಟ್ಟಿದ್ದೀನಿ.